ಉಪ್ಪುಹಿಟ್ಟಿನ ಅಜ್ಜಿ

ಮೊದಲೇ ಹೇಳಿಬಿಡುವುದು ವಾಸಿ. ಸಿದ್ದಲಿಂಗಮ್ಮನಿಗೆ ಮಾಟ ಮಂತ್ರ ಎಂಬುದು ಏನೇನೂ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಹಿಟ್ಟು ಕಲಸುವುದು, ಮಕ್ಕಳ ಮೂಗು ಒರೆಸುವುದು. ಜೊತೆಗೆ ಒಂದು ಕೆಟ್ಟ ಅಭ್ಯಾಸವೂ ಇತ್ತು. ಯಾರಾದರೂ ಮರ್ಯಾದೆ ಕೊಟ್ಟು ಮಾತಾಡಿಸಿದರೆ ಸಾಕು, ಅವರನ್ನು ಪೂರಾ ನಂಬಿಬಿಡುತ್ತಿದ್ದಳು. ನಲವತ್ತೈದು ವರ್ಷ ಬದುಕಿದ ಹೆಂಗಸಿಗೆ ಅಷ್ಟೂ ಬುದ್ಧಿ ಬೇಡವೇ ಅಂತ ಕೇಳಬಹುದು. ಬೇಕಿತ್ತು. ಇರಲಿಲ್ಲ, ಏನು ಮಾಡೋಣ.

ರಾಜ್ಯವೆಲ್ಲ ಒಂದಾಯಿತಲ್ಲ, ಅದರ ಮರುವರ್ಷದ ಮಾತು. ಲಕ್ಷ್ಮೀಪುರಂನ ಅಡ್ಡರಸ್ತೆಯ ಒಂದು ಹೆಂಚಿನ ಮನೆಯಲ್ಲಿ ಶಿಶುವಿಹಾರ ನಡೆಯುತ್ತಿತ್ತು. ಒಂದು ದೊಡ್ಡ ಹಾಲು, ಮುಂದೆ ಜಗಲಿ, ಹಿತ್ತಲಲ್ಲಿ ಒಂದು ನಲ್ಲಿ, ಒಂದು ನುಗ್ಗೆ ಮರ. ಮಕ್ಕಳು ಇಪ್ಪತ್ತೆರಡು. ಸಿದ್ದಲಿಂಗಮ್ಮ ಅಲ್ಲಿ ಆಯಾ. ಬೆಳಗಾಗುತ್ತಲೇ ಚಾಮುಂಡಿಪುರಂನ ವಠಾರದಿಂದ ಹೊರಟು, ಮನೆ ಮನೆ ಬಾಗಿಲಿಗೆ ಹೋಗಿ, ಅಳುವವನ್ನು ಸೊಂಟಕ್ಕೇರಿಸಿ, ನಡೆಯುವವಕ್ಕೆ ಸೆರಗು ಹಿಡಿಸಿ ಕರೆತರುತ್ತಿದ್ದಳು. ಗಂಡ ಕಾಳಯ್ಯ ತೀರಿಹೋಗಿ ಹತ್ತು ವರ್ಷವಾಗಿತ್ತು. ಹೊಟ್ಟೆಯಲ್ಲಿ ಹುಟ್ಟಿದ್ದು ಒಂದೂ ಉಳಿದಿರಲಿಲ್ಲ. ಆ ಇಪ್ಪತ್ತೆರಡೂ ತನ್ನವೇ ಅಂದುಕೊಂಡಿದ್ದಳು, ಪಾಪ.

ಪಾಠ ಹೇಳುತ್ತಿದ್ದವರು ಶಾಂತಾದೇವಿ. ಇಪ್ಪತ್ತಾರು ವಯಸ್ಸು, ಮದ್ರಾಸಿನಲ್ಲಿ ಟ್ರೈನಿಂಗ್ ಮಾಡಿ ಬಂದವರು, ಕೈಗೆ ವಾಚು, ಮೆತ್ತಗಿನ ಮಾತು. ಮಕ್ಕಳಿಗೆ ಒಂದು ದಿನವೂ ಗದರಿದವರಲ್ಲ. ಅದಕ್ಕಿಂತ ಹೆಚ್ಚಾಗಿ, ಆಯಾಳನ್ನು 'ಸಿದ್ದಲಿಂಗಮ್ಮನೋರೇ, ಸ್ವಲ್ಪ ಬರ್ತೀರಾ' ಎಂದು ಕರೆಯುತ್ತಿದ್ದರು. ಅಲ್ಲಿಯ ತನಕ ಅವಳನ್ನು ಬಹುವಚನದಲ್ಲಿ ಕರೆದ ಪುಣ್ಯಾತ್ಮರು ಯಾರೂ ಇರಲಿಲ್ಲ. ಮೊದಲ ಸಲ ಕರೆದಾಗ ಅವಳು ಹಿಂತಿರುಗಿ ಬೇರೆ ಯಾರಾದರೂ ಬಂದಿದ್ದಾರೋ ಅಂತ ನೋಡಿದ್ದಳು. ಆವತ್ತಿನಿಂದ ಶಾಂತಾದೇವಿ ಕೂರು ಅಂದಲ್ಲಿ ಕೂತಳು, ನಿಲ್ಲು ಅಂದಲ್ಲಿ ನಿಂತಳು.

ಮಕ್ಕಳು ಆಡಲಿ ಅಂತ ಮದ್ರಾಸಿನಿಂದ ಒಂದು ತಗಡಿನ ಡಬ್ಬಿಯಲ್ಲಿ ಬಣ್ಣಬಣ್ಣದ ಜೇಡಿ ಬಂದಿತ್ತು. ಮೂರು ತಿಂಗಳಿಗೆ ಅದರ ಕತೆ ಮುಗಿಯಿತು. ನಮ್ಮ ಮಕ್ಕಳು ಕೆಂಪು, ಹಸಿರು, ಹಳದಿ ಎಲ್ಲವನ್ನೂ ಒಟ್ಟಿಗೆ ಮಿದ್ದು ಸಗಣಿ ಬಣ್ಣಕ್ಕೆ ತಂದಿಟ್ಟವು. ಆಮೇಲೆ ಅದು ಒಣಗಿ ಕಲ್ಲಾಯಿತು. ಹೊಸದು ತರಿಸಬೇಕಾದರೆ ಕಮಿಟಿ ಕೂಡಬೇಕು, ಕಾಗದ ಬರೆಯಬೇಕು, ಅದು ಬರುವ ಹೊತ್ತಿಗೆ ಈ ಮಕ್ಕಳು ಹೈಸ್ಕೂಲಿಗೆ ಹೋಗಿರುತ್ತವೆ ಎಂದು ಶಾಂತಾದೇವಿ ನಿಟ್ಟುಸಿರು ಬಿಟ್ಟರು. ಅದಕ್ಯಾಕೆ ಮದ್ರಾಸು, ನಾನೇ ಹಿಟ್ಟಲ್ಲಿ ಮಾಡಿಕೊಡ್ತೀನಿ ಬುಡಿ ಅಂತ ಸಿದ್ದಲಿಂಗಮ್ಮ ಬಾಯಿ ಹಾಕಿದಳು.

ಅಂದದ್ದೇನೋ ಅಂದಳು, ಆಮೇಲೆ ಎರಡು ದಿನ ಅವಳಿಗೆ ನಿದ್ದೆ ಇಲ್ಲ. ಹಿಟ್ಟು ಅಂದರೆ ಅನ್ನ. ಅನ್ನವನ್ನು ಆಟಕ್ಕೆ ಕೊಟ್ಟು ಕಾಲಡಿಗೆ ಹಾಕಿಸೋದುಂಟಾ? ರೇಷನ್ನಿನ ಗೋಧಿಗೆ ಜನ ಸಾಲು ನಿಂತ ಕಾಲ ಅದು. ಕೊನೆಗೆ ದಾರಿ ತೋರಿಸಿದ್ದು ತಮ್ಮ ಕೆಂಪಯ್ಯ. ಅವನು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಕಲ್ಲಿನ ಸುತ್ತ ಹಾರಿ ನೆಲಕ್ಕೆ ಬಿದ್ದ ಹಿಟ್ಟು, ರಾಗಿ ಗೋಧಿ ಅಕ್ಕಿ ಎಲ್ಲ ಬೆರೆತದ್ದು, ಯಾರಿಗೂ ಸೇರದ್ದು, ದಿನಾ ಗುಡಿಸಿ ಹಸುವಿನ ಬಾನಿಗೆ ಹಾಕುತ್ತಿದ್ದರು. ಅದನ್ನು ಒಂದು ಚೀಲದಲ್ಲಿ ಎತ್ತಿಟ್ಟು ಅಕ್ಕನಿಗೆ ಕೊಟ್ಟ. ಅವಳು ಹಳೇ ಪಂಚೆಯಲ್ಲಿ ಮೂರು ಸಲ ಜರಡಿ ಹಿಡಿದಳು. ಈಗ ಮನಸ್ಸು ನಿರಾಳವಾಯಿತು.

ಹಿಟ್ಟು ಎರಡು ಪಾವು, ಪುಡಿಯುಪ್ಪು ಒಂದು ಪಾವು. ಉಪ್ಪು ಯಾಕೆಂದರೆ ಬಾಯಿಗಿಟ್ಟ ಮಗು ಎರಡನೇ ಸಲ ಇಡುವುದಿಲ್ಲ, ಹಿಟ್ಟೂ ಹುಳಿಯುವುದಿಲ್ಲ. ಬಿಸಿನೀರಿನಲ್ಲಿ ಕರಗಿಸಿದ ಪಟಿಕ ಒಂದು ಚಿಟಿಕೆ, ಹರಳೆಣ್ಣೆ ಎರಡು ಚಮಚ. ಮೊದಲ ದಿನ ಅವಳೇ ಕಲಸಿದಳು. ಎರಡನೇ ದಿನ ಶಾಂತಾದೇವಿ ಮಕ್ಕಳ ಕೈಯಲ್ಲೇ ಕಲಸಿದರೆ ಹೇಗೆ ಅಂದರು. ನಿಜ ಹೇಳಬೇಕು, ಆ ಮಾತು ಅವರದೇ, ಒಳ್ಳೇ ಮಾತು. ಹಿಟ್ಟು ಅಳೆಯುವ ಸರದಿಗೆ ಜಗಳ ಬಿತ್ತು. ಆಮೇಲೆ ಸರದಿ ಕಾಯುವುದು ಬಂತು. ಒಂದು ಪಾವು, ಎರಡು ಪಾವು ಅಂತ ಎಲ್ಲವೂ ಒಟ್ಟಿಗೆ ಕೂಗುತ್ತಾ ಕೂಗುತ್ತಾ, ಎಣಿಸಲು ಬಾರದವೂ ಹತ್ತರ ತನಕ ಎಣಿಸಿದವು. ನೀರು ಹೆಚ್ಚಾದರೆ ಅಂಟು, ಕಡಿಮೆಯಾದರೆ ಬಿರುಕು ಅಂತ ಯಾರೂ ಹೇಳಿಕೊಡದೆ ಕಂಡುಕೊಂಡವು. ಅರಿಶಿನದ ಉಂಡೆಗೆ ಸಾಸಿವೆಯಷ್ಟು ಸುಣ್ಣ ತಾಕಿಸಿ ನಾದಿದಾಗ ಅದು ಕೈಯಲ್ಲೇ ಕೆಂಪಾಯಿತಲ್ಲ, ಆವತ್ತು ಇಪ್ಪತ್ತೆರಡು ಬಾಯಿಗಳೂ ತೆರೆದದ್ದು ತೆರೆದೇ ಇದ್ದವು. ಚಕ್ಕುಲಿ ಹೊಸೆದ ಹಾಗೆ ಹೊಸೆದು ಅದನ್ನೇ ಬಗ್ಗಿಸಿ ಅಕ್ಷರ ಮಾಡಿಸಿದಳು. ಶಾಂತಾದೇವಿ ಪಕ್ಕದಲ್ಲಿ ಕೂತು ಒಂದು ನೋಟ್ ಪುಸ್ತಕದಲ್ಲಿ ಎಲ್ಲ ಬರೆದುಕೊಳ್ಳುತ್ತಿದ್ದರು. ಯಾವ ಮಗು ಏನು ಮಾಡಿತು, ಯಾವ ಮಗು ಇವತ್ತು ಹೊಸ ಮಾತು ಆಡಿತು, ಎಲ್ಲ.

ಈಗ ನಂಜುವಿನ ವಿಷಯ. ಹೆಸರು ಶಿವನಂಜಮ್ಮ, ವಯಸ್ಸು ನಾಲ್ಕೂವರೆ, ಶಿಶುವಿಹಾರದ ಕಮಿಟಿ ಪ್ರೆಸಿಡೆಂಟರಾದ ಶಿವಮಲ್ಲಪ್ಪನವರ ಮಗಳು. ಎರಡು ವರ್ಷದವಳಿದ್ದಾಗ ಜ್ವರ ಬಂದು ಬಲಗೈ ಸೋತುಹೋಗಿತ್ತು. ನಾಲ್ಕು ಬೆರಳು ಹೇಗೋ ಆಡುತ್ತಿದ್ದವು, ಹೆಬ್ಬೆರಳು ಮಾತ್ರ ಅಂಗೈಗೆ ಅಂಟಿಕೊಂಡು ಮಲಗಿರುತ್ತಿತ್ತು. ಮಾತೂ ಕಡಿಮೆ, ಸಿದ್ದಲಿಂಗಮ್ಮನನ್ನು ಸಿದ್ದಿ ಅನ್ನುತ್ತಿದ್ದಳು. ಮನೆಯಲ್ಲಿ ಅಜ್ಜಿ ಚೆಲುವಮ್ಮನವರದೇ ದರ್ಬಾರು. ಮೊಮ್ಮಗಳ ಮೇಲೆ ಪ್ರಾಣ ಇಟ್ಟುಕೊಂಡ ಮುದುಕಿಯೇ, ಸುಳ್ಳಲ್ಲ. ಆದರೆ ಒಂದು ಹಟ ಹಿಡಿದಿದ್ದರು. ವಿಜಯದಶಮಿ ದಿನ ಮಗು ಅಕ್ಕಿಯ ಮೇಲೆ ಬಲಗೈಯಲ್ಲಿ ಅಕ್ಷರ ಬರೆದರೆ ಸರಿ, ಎಡಗೈಯಲ್ಲಿ ಸರಸ್ವತಿಯನ್ನು ಬರೆಸಿ ಮನೆಗೆ ಕೇಡು ತಂದುಕೊಳ್ಳುವುದು ಬೇಡ, ಕೈ ಬಾರದಿದ್ದರೆ ಹುಡುಗಿ ಮನೆಯಲ್ಲಿರಲಿ, ಓದಿ ಆಗಬೇಕಾದ್ದೇನು ಅಂತ. ಶಿವಮಲ್ಲಪ್ಪನವರು ಊರಿಗೆಲ್ಲ ಪ್ರೆಸಿಡೆಂಟರು, ತಾಯಿಯ ಎದುರು ಮಾತ್ರ ಬಾಯಿ ಬಿಡುವವರಲ್ಲ.

ಈ ಮಾತು ಕೇಳಿದ ದಿನ ಸಿದ್ದಲಿಂಗಮ್ಮನಿಗೆ ಹೊಟ್ಟೆ ಉರಿದುಹೋಯಿತು. ಇಷ್ಟುದ್ದದ ಮಗುವಿನ ಹಣೆಬರಹವನ್ನು ಒಂದು ಹೆಬ್ಬೆರಳಿಗೆ ಕಟ್ಟುವುದೇ? ವಿಜಯದಶಮಿಗೆ ಇನ್ನೂ ನಾಲ್ಕು ತಿಂಗಳಿತ್ತು. ಮಾಡೇ ತೀರುತ್ತೇನೆ ಅಂತ ಸೆರಗು ಸಿಕ್ಕಿಸಿಕೊಂಡು ನಿಂತಳು. ದಿನಾ ಮಧ್ಯಾಹ್ನ ಬೇರೆ ಮಕ್ಕಳು ಮಲಗಿದ ಮೇಲೆ ನುಗ್ಗೆ ಮರದಡಿ ನಂಜುವನ್ನು ಮಡಿಲಲ್ಲಿ ಕೂರಿಸಿಕೊಂಡು ಅವಳ ಕೈಗೆ ಬೆಚ್ಚಗಿನ ಹಿಟ್ಟು ಕೊಡುತ್ತಿದ್ದಳು. ಮೊದಲ ತಿಂಗಳು ಬರೀ ಅಮುಕುವುದು. ಎರಡನೇ ತಿಂಗಳು ಉಂಡೆ, ಹೊಸೆಯುವುದು. ಆಮೇಲೆ ಕಡುಬು. ಕಡುಬಿನ ಅಂಚನ್ನು ಚಿವುಟಿ ಚಿವುಟಿ ಮಡಿಸಬೇಕಲ್ಲ, ಅದಕ್ಕೆ ಹೆಬ್ಬೆರಳು ಏಳಲೇಬೇಕು. ಏಳುತ್ತಿರಲಿಲ್ಲ. ಸಿದ್ದಲಿಂಗಮ್ಮ ಒಂದು ಬೆರಳಲ್ಲಿ ಅದನ್ನು ಎತ್ತಿ ಹಿಡಿದು, ಇನ್ನೊಂದು ಕಡುಬು, ಇನ್ನೊಂದೇ ಒಂದು, ಗಣೇಶನಿಗೆ ಇನ್ನೂ ಹಸಿವು ಕಣಮ್ಮ ಅನ್ನುತ್ತಿದ್ದಳು. ಆಗಸ್ಟ್ ಮೊದಲನೇ ವಾರ ಒಂದು ಮಧ್ಯಾಹ್ನ ಅವಳು ಬೆರಳು ತೆಗೆದರೂ ಹೆಬ್ಬೆರಳು ನಿಂತಿತ್ತು. ಅರೆಗಳಿಗೆ ನಿಂತು ಬಿತ್ತು. ನಂಜು ಅದನ್ನೇ ನೋಡಿ, ಸಿದ್ದಿ, ಎದ್ದಿತು ಅಂದಳು. ಸಿದ್ದಲಿಂಗಮ್ಮ ಅತ್ತುಬಿಟ್ಟಳು. ಶಾಂತಾದೇವಿಯೂ ಓಡಿ ಬಂದು ನೋಡಿ ಕಣ್ಣೊರೆಸಿಕೊಂಡರು. ಅದೂ ಸುಳ್ಳಲ್ಲ.

ಅದೇ ತಿಂಗಳ ಕೊನೆಗೆ ಇಲಾಖೆಯ ಇನ್ಸ್‌ಪೆಕ್ಟರಮ್ಮ ಬಂದರು. ಸಿದ್ದಲಿಂಗಮ್ಮ ಹಿಟ್ಟಿನ ತಟ್ಟೆ ಹಿಡಿದು ನಿಂತಿದ್ದಳು, ಶಾಂತಾದೇವಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಬಂದಾಕೆ ಕೈಯಲ್ಲಿ ಉಂಡೆ ಹಿಡಿದು ಮೂಸಿ ನೋಡಿ ಶಾಂತಾದೇವಿಯ ಬೆನ್ನು ತಟ್ಟಿದರು. ಹದಿನೈದು ದಿನಕ್ಕೆ ರಿಪೋರ್ಟು ಬಂತು, ಕಮಿಟಿಯವರು ಅದನ್ನು ಕನ್ನಡಕ್ಕೆ ಬರೆಸಿ ಜಗಲಿಯ ಗೋಡೆಗೆ ಹಾಕಿಸಿದರು. ಹಿಟ್ಟು ಕೊಡಲು ಬಂದಿದ್ದ ಕೆಂಪಯ್ಯ ಅದನ್ನು ಓದಿ, ಇದೆಲ್ಲ ಶಾಂತಾದೇವಿಯವರೇ ಯೋಚಿಸಿ ಕಂಡುಹಿಡಿದ ಪದ್ಧತಿ ಅಂತ ಬರೆದವ್ರೆ ಕಣಕ್ಕ, ನಿನ್ನ ಹೆಸರೇ ಇಲ್ವಲ್ಲ ಅಂದ. ಅವಳು ಅವನಿಗೇ ಬೈದಳು. ಓದಿದವರು ಹೇಳಿದರೆ ನಾಕು ಜನ ಕೇಳುತ್ತಾರೆ, ಆಯಾ ಹೇಳಿದರೆ ಯಾರು ಕೇಳುತ್ತಾರೆ, ಹಿಟ್ಟು ನಿಲ್ಲದಿದ್ದರೆ ಸಾಕು ಅಂದಳು. ಹೆಡ್‌ಮಿಸ್ಟ್ರೆಸ್ ಹುದ್ದೆಯನ್ನು ಶಾಂತಾದೇವಿಗೆ ಕಾಯಂ ಮಾಡುವ ಮಾತು ಆಗಲೇ ನಡೆದಿತ್ತು. ವಿಜಯದಶಮಿಯ ದಿನ ಆರ್ಡರು ಕೊಡುವುದು ಅಂತ ನಿಶ್ಚಯವಾಗಿತ್ತು. ಸಿದ್ದಲಿಂಗಮ್ಮನಿಗೆ ತನಗೇ ಬಂದಷ್ಟು ಸಂತೋಷ.

ಸೆಪ್ಟೆಂಬರ್ ಅರ್ಧ ಕಳೆಯಿತು. ನಂಜುವಿನ ಹೆಬ್ಬೆರಳು ಈಗ ಹತ್ತು ಎಣಿಸುವ ತನಕ ನಿಲ್ಲುತ್ತಿತ್ತು. ಬಳಪ ಹಿಡಿದರೆ ಮಾತ್ರ ಜಾರುತ್ತಿತ್ತು. ಇನ್ನು ಎರಡು ವಾರ ಸಿಕ್ಕರೆ ಕೂತುಕೊಳ್ಳುತ್ತೆ ಅಂತ ಸಿದ್ದಲಿಂಗಮ್ಮ ಲೆಕ್ಕ ಹಾಕಿದ್ದಳು. ಆ ಶನಿವಾರ ನಂಜು ತನ್ನಷ್ಟಕ್ಕೇ ಕೆಂಪು ಹಿಟ್ಟಿನಲ್ಲಿ ಒಂದು ಗೊಂಬೆ ಮಾಡಿದಳು. ಯಾರದು ಅಂದರೆ, ಅಜ್ಜಿ ಅಂದಳು. ಅಜ್ಜಿಗೆ ಮಂಡಿನೋವು, ದಿನಾ ಲವಂಗದೆಣ್ಣೆ ಹಚ್ಚಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಅದಕ್ಕೇ ಗೊಂಬೆಗೂ ಲವಂಗ ಬೇಕು ಅಂತ ಕೈ ಚಾಚಿದಳು, ಬಲಗೈಯನ್ನೇ. ಸಿದ್ದಲಿಂಗಮ್ಮ ತನ್ನ ಎಲೆಯಡಿಕೆ ಚೀಲದಿಂದ ನಾಲ್ಕು ಲವಂಗ ಕೊಟ್ಟಳು. ನಂಜು ಹೆಬ್ಬೆರಳು ತೋರುಬೆರಳಲ್ಲಿ ಒಂದೊಂದನ್ನೇ ಹಿಡಿದು ಮಂಡಿಗೆ ಎರಡೆರಡು ಚುಚ್ಚಿದಳು. ಒಂದೂ ಜಾರಲಿಲ್ಲ. ಆಮೇಲೆ ಲಂಗದ ಜೇಬಿನಿಂದ ಒಂದು ಬಿಳಿಕೂದಲ ಉಂಡೆ ತೆಗೆದಳು, ಅಜ್ಜಿ ತಲೆ ಬಾಚಿ ಬಿಸಾಕಿದ್ದು. ಅದನ್ನು ಗೊಂಬೆಯ ತಲೆಗೆ ಒತ್ತಿದಳು. ಅಜ್ಜಿಗೆ ಔಷಧಿ ಮಾಡಿದಾಳೆ ನೋಡಿ ಅಂತ ಶಾಂತಾದೇವಿ ನಕ್ಕೂ ನಕ್ಕೂ ಸಾಕಾದರು. ಹಳೇ ಪೇಪರಿನಲ್ಲಿ ತಮ್ಮ ಕೈಯಾರೆ ಸುತ್ತಿ, ಅಜ್ಜಿಗೆ ಕೊಡಮ್ಮ ಅಂತ ನಂಜುವಿನ ಚೀಲಕ್ಕೆ ಹಾಕಿದರು.

ನಂಜು ಕೊಡಲಿಲ್ಲ. ಬಾಯಿ ಬಾರದ ಮಗು, ಅವಳ ಯೋಚನೆಯೇ ಬೇರೆ. ನೋವು ಹೋಗಲಿ ಅಂತ ಅಜ್ಜಿಯ ಹಾಸಿಗೆಯಡಿ, ಸರಿಯಾಗಿ ಮಂಡಿ ಬರುವ ಕಡೆ ಇಟ್ಟಳು. ಭಾನುವಾರ ಸೋನೆ ಹಿಡಿಯಿತು, ಚೆಲುವಮ್ಮನವರ ಮಂಡಿ ಹೆಚ್ಚೇ ನೊಂದಿತು. ಸೋಮವಾರ ಮಹಾಲಯ ಅಮಾವಾಸ್ಯೆ. ಮನೆ ತೊಳೆಯಲು ಹಾಸಿಗೆ ಎತ್ತಿದರೆ ಕೆಳಗೆ ಕೆಂಪು ಹಿಟ್ಟಿನ ಹೆಂಗಸು, ಮಂಡಿಗೆ ಲವಂಗ ಚುಚ್ಚಿದೆ, ತಲೆಗೆ ತಮ್ಮದೇ ಕೂದಲು. ಸೊಸೆ ಬೇರೆ ಬಸುರಿ, ತವರಿಗೆ ಹೋಗಿದ್ದಳು. ಇನ್ನೇನು ಬೇಕು? ನಮ್ಮ ಕಡೆ ಹಿಟ್ಟಿನ ಗೊಂಬೆ, ಕೂದಲು, ಅಮಾವಾಸ್ಯೆ ಈ ಮೂರನ್ನು ಒಟ್ಟಿಗೆ ಕಂಡ ಯಾವ ಮುದುಕಿಯಾದರೂ ಚೆಲುವಮ್ಮನವರು ಅಂದುಕೊಂಡದ್ದನ್ನೇ ಅಂದುಕೊಳ್ಳುತ್ತಿದ್ದಳು. ಅವರು ಕೂಗಿದ ಕೂಗಿಗೆ ಬೀದಿಯೇ ಬಂತಂತೆ. ಅದಕ್ಕೆ ಅವರನ್ನು ದೂರಲಾಗದು.

ಮಂಗಳವಾರ ಬೆಳಗ್ಗೆ ಟಾಂಗಾ ಬಂದು ಶಿಶುವಿಹಾರದ ಮುಂದೆ ನಿಂತಿತು. ಶಿವಮಲ್ಲಪ್ಪನವರು, ಚೆಲುವಮ್ಮನವರು, ಅವರ ಪಕ್ಕದಲ್ಲಿ ಮುದುಡಿಕೊಂಡ ನಂಜು. ಒಂದು ಮೊರದಲ್ಲಿ ಬೇವಿನ ಸೊಪ್ಪು ಹಾಸಿ ಅದರ ಮೇಲೆ ಗೊಂಬೆ ಇಟ್ಟು ತಂದಿದ್ದರು, ಕೈಯಲ್ಲಿ ಮುಟ್ಟದೆ. ಮೊರವನ್ನು ಜಗಲಿಯ ಮೇಲಿಟ್ಟರು. ಇಲ್ಲಿ ಸಿದ್ದಲಿಂಗಮ್ಮ ಒಂದು ತಪ್ಪು ಮಾಡಿದಳು. ಗೊಂಬೆ ಕಂಡ ಕೂಡಲೇ ನಕ್ಕುಬಿಟ್ಟಳು. ಅಯ್ಯೋ, ನಮ್ಮ ನಂಜು ಮಾಡಿದ ಅಜ್ಜಿ ಅಲ್ವಾ ಅಂತ ಬರಿಗೈಯಲ್ಲಿ ಎತ್ತಿಕೊಂಡು, ಮುರಿದಿದ್ದ ಒಂದು ತೋಳನ್ನು ಮೆಲ್ಲಗೆ ಒತ್ತಿ ಸರಿಮಾಡಿದಳು. ಚೆಲುವಮ್ಮನವರು ಮಾಟಗಾತಿ ಅಂತ ಕೂಗಿ, ಎದೆ ಹಿಡಿದುಕೊಂಡು ಹಿಂದಕ್ಕೆ ಸರಿದರು. ಆಗಲೇ ಅವಳಿಗೆ ಎಲ್ಲರ ಮುಖ ಕಂಡದ್ದು.

ಲವಂಗ ಕೊಟ್ಟದ್ದು ಯಾರು ಅಂತ ಶಿವಮಲ್ಲಪ್ಪನವರು ಮಗಳನ್ನು ಗದರಿ ಕೇಳಿದರು. ಸಿದ್ದಿ ಅಂದಳು ನಂಜು. ಹಿಟ್ಟು ಕೆಂಪು ಮಾಡಿದ್ದು ಯಾರು ಅಂದರು. ಸಿದ್ದಿ. ಎರಡೂ ನಿಜವೇ. ಕೂದಲು ಯಾರು ತಂದದ್ದು ಅಂದಾಗ ಮಗು ಹೆದರಿ ಬಾಯಿ ಮುಚ್ಚಿಕೊಂಡಿತು. ಅಜ್ಜಿಯ ಕೂದಲು ಕದ್ದೆ ಅಂತ ಹೊಡೆಯುತ್ತಾರೆ ಅಂದುಕೊಂಡಿತೋ ಏನೋ.

ಸಿದ್ದಲಿಂಗಮ್ಮನಿಗೆ ಆಗಲೂ ಗಾಬರಿಯಾಗಲಿಲ್ಲ. ಯಾಕೆ ಆಗಬೇಕು? ಎಲ್ಲ ಕಣ್ಣಾರೆ ಕಂಡವರು, ನಗುತ್ತಾ ಪೇಪರು ಸುತ್ತಿದವರು, ಓದಿದವರು, ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದರು. ಅವರು ಬಾಯಿ ಬಿಟ್ಟರೆ ಒಂದು ನಿಮಿಷದ ಕೆಲಸ.

"ಮೇಡಮ್ಮೋರನ್ನೇ ಕೇಳಿ ಬುದ್ಧಿ," ಅಂದಳು. "ಅವರ ಮುಂದೇನೇ ಮಗು ಮಾಡಿದ್ದು. ಅಜ್ಜಿ ಮಂಡಿಗೆ ಔಸ್ದಿ ಅಂತ ಮಾಡಿತು. ಹೇಳಿ ಮೇಡಮ್ಮೋರೇ."

ಎಲ್ಲರೂ ಶಾಂತಾದೇವಿಯ ಕಡೆ ತಿರುಗಿದರು. ಗೋಡೆಯ ಮೇಲೆ ಅವರ ಬೆನ್ನಿಗೇ ಆ ರಿಪೋರ್ಟು ತೂಗುತ್ತಿತ್ತು. ಶಿವಮಲ್ಲಪ್ಪನವರು ಮೆಲ್ಲಗೆ, ಈ ಹಿಟ್ಟಿನ ಪದ್ಧತಿ ನಿಮ್ಮದೇ ಅಂತ ಬರೆದಿದೆಯಲ್ಲ, ಇದೂ ಅದರಲ್ಲಿ ಸೇರಿದೆಯಾ ಅಂತ ಕೇಳಿದರು. ಆ ದನಿಯಲ್ಲಿ ಏನಿದೆ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು. ಶಾಂತಾದೇವಿ ಕೈಯ ವಾಚನ್ನು ಒಮ್ಮೆ ತಿರುಗಿಸಿಕೊಂಡರು.

"ನಾನು ಮಕ್ಕಳಿಗೆ ಅಕ್ಷರ, ಹಣ್ಣು, ಹೂವು ಮಾತ್ರ ಮಾಡಿಸ್ತೀನಿ ಸಾರ್. ಹಿಟ್ಟು ಕಲಸೋದು ಆಯಾ ಕೆಲಸ. ಮಧ್ಯಾಹ್ನ ಅವಳು ಮಗೂನ ಮರದಡಿ ಒಬ್ಬಳನ್ನೇ ಕೂರಿಸ್ಕೊಂಡು ಏನು ಮಾಡಿಸ್ತಿದ್ದಳೋ, ನನಗೆ ಗೊತ್ತಿಲ್ಲ."

ಅವಳು. ಕೂರಿಸ್ಕೊಂಡು ಏನು ಮಾಡಿಸ್ತಿದ್ದಳೋ. ಮಾಟಗಾತಿ ಅಂತ ಚೆಲುವಮ್ಮನವರು ಅಂದದ್ದು ಸಿದ್ದಲಿಂಗಮ್ಮನಿಗೆ ಅಷ್ಟು ತಾಕಲಿಲ್ಲ, ಅವರು ತಿಳಿಯದೆ ಅಂದದ್ದು. ಈಕೆ ತಿಳಿದು ಅಂದದ್ದು. ನಾಲ್ಕು ತಿಂಗಳು ಪಕ್ಕದಲ್ಲಿ ಕೂತು ಬರೆದುಕೊಂಡವಳು, ಹೆಬ್ಬೆರಳು ಎದ್ದ ದಿನ ಕಣ್ಣೊರೆಸಿಕೊಂಡವಳು! ಹೊಗಳಿಕೆ ಬಂದಾಗ ಪೂರಾ ತಾನಿಟ್ಟುಕೊಂಡಳು, ಬೈಗುಳ ಬಂದಾಗ ಪೂರಾ ನನ್ನ ಮಡಿಲಿಗೆ ಸುರಿದಳಲ್ಲ ಅಂತ ಒಳಗೆ ಧಗಧಗ ಅಂದಿತು. ನಿಮ್ಮ ನೋಟ್ ಪುಸ್ತಕ ತೆಗೆದು ತೋರಿಸಿ ಅನ್ನಬಹುದಿತ್ತು. ಪೇಪರು ಸುತ್ತಿದ ಕೈ ಯಾವುದು ಅಂತ ಕೇಳಬಹುದಿತ್ತು. ಎಲ್ಲ ಆಮೇಲೆ, ಮನೆಯಲ್ಲಿ, ಒಬ್ಬಳೇ ಕೂತಾಗ ಹೊಳೆಯಿತು.

ಕಮಿಟಿ ಕೂಡುವುದೇನೂ ಬೇಕಾಗಲಿಲ್ಲ. ಇವತ್ತಿನಿಂದ ಬರುವುದು ಬೇಡ ಅಂತ ಶಿವಮಲ್ಲಪ್ಪನವರು ಅಲ್ಲೇ ಹೇಳಿದರು. ದೊಡ್ಡದು ಮಾಡುವುದಿಲ್ಲ, ಹೊರಟುಹೋಗಲಿ ಅಂದರು, ಉಪಕಾರ ಮಾಡಿದವರ ಹಾಗೆ. ಅವಳು ಹಿತ್ತಲಿಗೆ ಹೋಗಿ ತನ್ನ ಜರಡಿಯ ಪಂಚೆ ಮಡಿಸಿ ಕಂಕುಳಲ್ಲಿಟ್ಟುಕೊಂಡು ಪಕ್ಕದ ಗೇಟಿನಿಂದ ಹೊರಟಳು.

ಗೇಟಿನ ಹತ್ತಿರ ಹಿಂದಿನಿಂದ ಚಪ್ಪಲಿ ಸದ್ದು. ಶಾಂತಾದೇವಿ. ಅತ್ತ ಇತ್ತ ನೋಡಿ ಹತ್ತಿರ ಬಂದರು. ಏನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಆರ್ಡರು ಕೈಗೆ ಬಂದ ಮೇಲೆ ನಾನೇ ಎಲ್ಲ ಬಿಡಿಸಿ ಹೇಳಿ ನಿಮ್ಮನ್ನು ಕರೆಸಿಕೊಳ್ಳುತ್ತೇನೆ, ಈಗ ಬಾಯಿ ಬಿಟ್ಟರೆ ಇಬ್ಬರೂ ಬೀದಿಗೆ ಬೀಳುತ್ತೇವೆ ಅಂದರು. ಕಣ್ಣಲ್ಲಿ ನೀರೂ ಇತ್ತು. ಸಿದ್ದಲಿಂಗಮ್ಮ ಒಂದು ಗಳಿಗೆ, ನಾಚಿಕೆಗೇಡು, ಒಂದೇ ಒಂದು ಗಳಿಗೆ ಅದನ್ನೂ ನಂಬಿದಳು. ಆಮೇಲೆ ಶಾಂತಾದೇವಿ ದನಿ ಇನ್ನೂ ತಗ್ಗಿಸಿದರು.

"ಸಿದ್ದಲಿಂಗಮ್ಮನೋರೇ, ಪಟಿಕ ಎಷ್ಟು ಹಾಕ್ತಿದ್ರಿ? ನಾನು ಬರ್ಕೊಂಡಿದ್ದೆ, ಪುಟ ಒದ್ದೆಯಾಗಿ ಅಳಿಸಿಹೋಗಿದೆ."

ಕೇಳಿದ್ದು ಅದು. ಮುಖಕ್ಕೆ ಉಗಿಯಬೇಕು ಅನ್ನಿಸಿತು ಅವಳಿಗೆ, ಯಾರಿಗಾದರೂ ಅನ್ನಿಸುತ್ತದೆ. ಹೇಳುವುದಿಲ್ಲ ಹೋಗು ಅಂದರೆ ಮುಗಿಯಿತು. ಪಟಿಕ ಹೆಚ್ಚಾದರೆ ಹಿಟ್ಟು ಕೈ ಬಿರಿಸುತ್ತದೆ, ಕಡಿಮೆಯಾದರೆ ಎರಡು ದಿನಕ್ಕೆ ಕೊಳೆಯುತ್ತದೆ, ಆಗ ಗೊತ್ತಾಗುತ್ತಿತ್ತು ಪದ್ಧತಿ ಯಾರದು ಅಂತ. ಆದರೆ ವಿಜಯದಶಮಿಗೆ ಉಳಿದದ್ದು ಒಂಬತ್ತು ದಿನ. ಒಂಬತ್ತು ದಿನ ಕೈ ಬಿಟ್ಟರೆ ಆ ಹೆಬ್ಬೆರಳು ಮತ್ತೆ ಮಲಗುತ್ತದೆ, ಮಲಗಿದರೆ ಮಗು ಮನೆಯಲ್ಲೇ ಉಳಿಯುತ್ತದೆ. ಸಿದ್ದಲಿಂಗಮ್ಮ ಪಂಚೆಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದಳು.

"ಎರಡು ಪಾವಿಗೆ ಒಂದು ಚಿಟಿಕೆ. ಬಿಸ್ನೀರಲ್ಲಿ ಕರಗಿಸಿ. ನಂಜು ಕೈಗೆ ಕೊಡೋವಾಗ ಹಿಟ್ಟು ಬೆಚ್ಚಗಿರಲಿ, ಕಡುಬಿನ ಅಂಚು ಚಿವುಟಿಸಿ, ದಿನಾ ಇಪ್ಪತ್ತು. ಹೆಬ್ಬೆರಳು ಎತ್ತಿ ಹಿಡೀಬೇಡಿ, ಅದೇ ಏಳ್ತದೆ."

ಶಾಂತಾದೇವಿ ತಲೆಯಾಡಿಸುತ್ತಾ ಇಪ್ಪತ್ತು, ಇಪ್ಪತ್ತು ಅಂತ ಬಾಯಲ್ಲಿ ಹೇಳಿಕೊಂಡು ಒಳಗೆ ಓಡಿದರು. ಬರೆದುಕೊಳ್ಳಲು ಇರಬೇಕು.

ಒಂಬತ್ತು ದಿನ ಹೇಗೆ ಕಳೆದವೋ. ವಠಾರದಲ್ಲಿ ಸುದ್ದಿ ಮೊದಲೇ ಬಂದು ಕೂತಿತ್ತು. ನಲ್ಲಿಯ ಹತ್ತಿರ ಅವಳು ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಜಾಗ ಬಿಡುತ್ತಿದ್ದರು. ಕೆಂಪಯ್ಯ ಕುದಿದುಹೋಗಿ, ಆಯಮ್ಮನ ಮನೆ ಮುಂದೆ ನಿಂತು ನ್ಯಾಯ ಕೇಳ್ತೀನಿ ಅಂತ ಎದ್ದವನನ್ನು ಅವಳೇ ಕೂರಿಸಿದಳು. ಈಗ ಗಲಾಟೆಯಾದರೆ ಶಿಶುವಿಹಾರದಲ್ಲಿ ಹಿಟ್ಟು ನಿಲ್ಲಿಸುತ್ತಾರೆ, ವಿಜಯದಶಮಿ ಕಳೆಯಲಿ, ಅಲ್ಲಿಯ ತನಕ ನೆಲದ ಹಿಟ್ಟು ಎತ್ತಿಟ್ಟು ಅಲ್ಲಿಗೆ ಕೊಡ್ತಿರು ಅಂದಳು. ಬೆಳಗ್ಗೆ ಏಳುತ್ತಲೇ ಇವತ್ತು ಇಪ್ಪತ್ತು ಕಡುಬು ಆಗುತ್ತವೋ ಇಲ್ಲವೋ ಅಂತ ಯೋಚನೆ. ಆಯಿತು ಅಂದುಕೊಂಡರೆ ಆ ಹೆಂಗಸಿನ ಮೇಲೆ ಸಿಟ್ಟು, ಆಗಿಲ್ಲ ಅಂದುಕೊಂಡರೆ ಇನ್ನೂ ಸಿಟ್ಟು.

ವಿಜಯದಶಮಿ ದಿನ ಅವಳು ಅಲ್ಲಿಗೆ ಹೋಗಬಾರದಿತ್ತು. ಮೆರವಣಿಗೆ ನೋಡಲು ಹೋಗುತ್ತೇನೆ ಅಂತ ಕೆಂಪಯ್ಯನಿಗೆ ಹೇಳಿ ಹೊರಟಳು. ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬಂದ ಜನ ಆಗಲೇ ರಸ್ತೆ ತುಂಬಿ ಅರಮನೆ ಕಡೆ ನಡೆದಿದ್ದರು. ಅವಳ ಕಾಲು ಲಕ್ಷ್ಮೀಪುರಂ ಕಡೆ ತಿರುಗಿತು. ಶಿಶುವಿಹಾರದ ಎದುರಿನ ಹೊಂಗೆ ಮರದಡಿ ನಿಂತಳು. ಬಾಗಿಲಿಗೆ ಮಾವಿನ ತೋರಣ. ಒಳಗಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ಒಂದು ಸಲ ಎಲ್ಲ ನಿಶ್ಶಬ್ದವಾಯಿತು, ತುಂಬ ಹೊತ್ತು. ಅವಳು ಎರಡು ಕೈಯನ್ನೂ ಗಂಟುಹಾಕಿಕೊಂಡು ನಿಂತಿದ್ದಳು. ಆಮೇಲೆ ಚಪ್ಪಾಳೆ ಬಿತ್ತು. ಯಾರಿಗೆ ಬಿತ್ತು ಅಂತ ಹೇಗೆ ಗೊತ್ತಾಗಬೇಕು? ನಂಜುವಿಗೋ, ಆರ್ಡರು ಕೈಗೆ ಬಂದವರಿಗೋ?

ಜನ ಹೊರಗೆ ಬಂದರು. ಮೊದಲು ಶಾಂತಾದೇವಿ, ಹೊಸ ಸೀರೆ, ಕೈಯಲ್ಲಿ ಹಣ್ಣಿನ ತಟ್ಟೆ, ಸುತ್ತ ತಾಯಂದಿರು. ಮೆಟ್ಟಿಲ ಮೇಲೆ ನಿಂತು ನಗುತ್ತಾ ಏನೋ ಹೇಳುತ್ತಿದ್ದವರು ತಲೆ ಎತ್ತಿ ರಸ್ತೆಯಾಚೆ ನೋಡಿದರು. ನೋಡಿದರು, ಅದರಲ್ಲಿ ಅನುಮಾನ ಬೇಡ. ಪಕ್ಕದ ಮಗುವಿನ ಜಡೆಯಲ್ಲಿ ಹೂ ಸರಿಮಾಡಲು ಬಗ್ಗಿದರು, ಬಗ್ಗಿದವರು ಏಳಲೇ ಇಲ್ಲ. ಕರೆಸಿಕೊಳ್ಳುತ್ತೇನೆ ಅಂದ ಮಾತಿಗೆ ಅದೇ ಉತ್ತರ ಅಂತ ಸಿದ್ದಲಿಂಗಮ್ಮನಿಗೆ ಅರ್ಥವಾಯಿತು.

ಅವರ ಹಿಂದೆ ಚೆಲುವಮ್ಮನವರು ಕುಂಟುತ್ತಾ ಇಳಿದು ಟಾಂಗಾದ ಕಡೆ ಬಂದರು, ಜೊತೆಗೆ ನಂಜು. ರೇಷ್ಮೆ ಲಂಗ, ಹಣೆಗೆ ಕುಂಕುಮ, ಲಂಗದ ಮೇಲೆ ಎರಡು ಮೂರು ಅಕ್ಕಿಕಾಳು ಅಂಟಿಕೊಂಡಿದ್ದವು. ಟಾಂಗಾ ನಿಂತದ್ದು ಈ ಕಡೆ, ಮರದ ಪಕ್ಕದಲ್ಲೇ. ಸಿದ್ದಲಿಂಗಮ್ಮನಿಗೆ ಸರಿಯಲು ಹೊತ್ತಿರಲಿಲ್ಲ, ಸರಿಯುವ ಮನಸ್ಸೂ ಇರಲಿಲ್ಲ. ನಂಜು ಅವಳನ್ನು ಕಂಡಳು. ಕಂಡವಳು ನಿಂತಳು. ಸಿದ್ದಲಿಂಗಮ್ಮ ತನಗೆ ತಿಳಿಯದೆಯೇ ಎರಡು ಕೈ ಚಾಚಿದಳು, ದಿನಾ ಬೆಳಗ್ಗೆ ಅವರ ಮನೆ ಬಾಗಿಲಲ್ಲಿ ಚಾಚುತ್ತಿದ್ದ ಹಾಗೆ.

ನಂಜು ಅಜ್ಜಿಯ ಹಿಂದೆ ಅಡಗಿದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಆ ಮಗು ಹುಟ್ಟಿದಾಗಿನಿಂದ ಆಡಿದ್ದರಲ್ಲೆಲ್ಲ ಉದ್ದದ ಮಾತು ಆಡಿತು.

"ಅಜ್ಜಿ, ಸಿದ್ದಿ ನನ್ನ ಕೈ ವಾಪಸ್ ಕಿತ್ಕೋತಾಳಾ?"

ಇಲ್ಲ ಕಣವ್ವ, ನಾನಿದ್ದೀನಿ, ಅವಳ ಕಡೆ ನೋಡಬೇಡ ಅಂದರು ಚೆಲುವಮ್ಮನವರು. ನಂಜು ಅಳುತ್ತಾ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದಳು, ಬಲಗೈಯಲ್ಲಿ. ಐದು ಬೆರಳೂ ಕೂತಿದ್ದವು. ಹೆಬ್ಬೆರಳು ಎಲ್ಲಕ್ಕಿಂತ ಮೇಲೆ, ಉಗುರು ಬಿಳಿಚುವ ಹಾಗೆ ಒತ್ತಿ ಹಿಡಿದಿತ್ತು. ಅಜ್ಜಿ ಟಾಂಗಾಕ್ಕೆ ಹತ್ತಿಸಲು ಎಳೆದರೂ ಬಿಡಲಿಲ್ಲ. ಸಿದ್ದಲಿಂಗಮ್ಮ ಅಭ್ಯಾಸಬಲದಿಂದ ಒಳಗೊಳಗೇ ಎಣಿಸಿದಳು. ಹತ್ತು ದಾಟಿತು, ಇಪ್ಪತ್ತು ದಾಟಿತು. ಟಾಂಗಾ ತಿರುವಿನಲ್ಲಿ ಮರೆಯಾಗುವಾಗಲೂ ಆ ಕೈ ಸೆರಗಿನ ಮೇಲೇ ಇತ್ತು.

ಚಾಚಿದ್ದ ಕೈಗಳನ್ನು ಅವಳು ಆಮೇಲೆ ಇಳಿಸಿದಳು. ಅರಮನೆ ಕಡೆ ಹೋಗುವ ಜನಕ್ಕೆ ಎದುರಾಗಿ, ತಳ್ಳಿಸಿಕೊಳ್ಳುತ್ತಾ, ಚಾಮುಂಡಿಪುರಂಗೆ ನಡೆದಳು. ಕೆಂಪಯ್ಯ ಜಗಲಿಯ ಮೇಲೆ ಕೂತಿದ್ದ. ಮೆರವಣಿಗೆ ಇಷ್ಟು ಬೇಗ ಮುಗೀತಾ, ಮಗು ಏನಾಯ್ತು, ಬರೀತಾ ಅಂತ ಕೇಳಿದ. ಬರೀತು ಅಂದಳು. ಒಳಗೆ ಹೋಗಿ ಗೂಟದಲ್ಲಿದ್ದ ಜರಡಿಯ ಪಂಚೆ ತೆಗೆದು ಕೊಡವಿ ಅವನ ಕೈಗೆ ಕೊಟ್ಟಳು. ನಾಳೆಯಿಂದ ನೆಲದ ಹಿಟ್ಟು ಎತ್ತಿಡಬೇಡ, ಹಸುವಿಗೇ ಹಾಕು ಅಂತ ಹೇಳಿದಳು.